ಜುಲೈ ನಾಲ್ಕರ ಖಾಲಿ ಪೆಟ್ಟಿಗೆ

ಬೀಗ ಹಾಕಿದ ಹಾಗೇ ಇತ್ತು. ಗಾಜು ಒಡೆದಿರಲಿಲ್ಲ. ಒಳಗಿದ್ದ ಕಾಗದ ಮಾತ್ರ ಇರಲಿಲ್ಲ.

ಹೊನ್ನಾವರದ ಆ ಕಾಲೇಜಿನ ಸಭಾಂಗಣದಲ್ಲಿ ಅದನ್ನು ಮೊದಲು ಕಂಡವನು ಜವಾನ ಸೋಮ. ಬೆಳಿಗ್ಗೆ ಎಂಟೂವರೆ. ಪ್ರಿನ್ಸಿಪಾಲರು ಗೇಟು ಮುಚ್ಚಿಸಿ ಠಾಣೆಗೆ ಫೋನ್ ಮಾಡಿದರು. ಒಂಬತ್ತಕ್ಕೆ ಪಿಎಸ್‌ಐ ಸುಪ್ರಿಯಾ ಜೀಪಿನಿಂದ ಇಳಿದಳು. ಬಾಗಿಲ ಮೇಲೆ ಬ್ಯಾನರು: ‘ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರೈವತ್ತು ವರ್ಷ.’

“ಹನ್ನೊಂದಕ್ಕೆ ಅತಿಥಿಗಳು ಬರ್ತಾರೆ,” ಪ್ರಿನ್ಸಿಪಾಲರು ಬೆವರು ಒರೆಸಿಕೊಂಡರು. “ಅಷ್ಟರೊಳಗೆ ಸಿಕ್ಕದಿದ್ರೆ ಇವರ ಮೇಲೇ ದೂರು. ಕೀಲಿಕೈ ಇದ್ದದ್ದು ಇವರ ಹತ್ರ.”

ಇವರು ಎಂದರೆ ವಂದನಾ. ಇತಿಹಾಸದ ಅತಿಥಿ ಉಪನ್ಯಾಸಕಿ. ಆರು ವರ್ಷದಿಂದ ಅದೇ ‘ಅತಿಥಿ’. ಈ ಸಲದ ನೇಮಕದ ಆದೇಶಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

“ಎಂತ ಕಾಗದ ಅದು?” ಸುಪ್ರಿಯಾ ಕೇಳಿದಳು.

“ಸಾವಿರದ ಏಳುನೂರ ಎಂಬತ್ಮೂರರದ್ದು. ಆಗ ಇಲ್ಲಿಯ ಕೋಟೆ ಇಂಗ್ಲಿಷರ ಕೈಲಿತ್ತು. ಒಬ್ಬ ಶಾನುಭೋಗ ಅವರಿಗೆ ಬರೆದ ಪತ್ರ. ಅಮೆರಿಕದವರು ತಮ್ಮ ಯುದ್ಧನೌಕೆಗೆ ಹೈದರನ ಹೆಸರಿಟ್ಟು ಇಂಗ್ಲಿಷರ ಹಡಗನ್ನೇ ಸೋಲಿಸಿದ ಸುದ್ದಿ ಅದರಲ್ಲಿ ಉಂಟು.” ವಂದನಾಳ ದನಿ ನಡುಗುತ್ತಿತ್ತು. “ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೆ. ನಾನು ಮುಟ್ಟಲಿಲ್ಲ ಮೇಡಂ.”

ಸುಪ್ರಿಯಾ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದಳು. ಯಾವುದೋ ಬೇಕರಿಯಿಂದ ತಂದ ಗಾಜಿನ ಕಪಾಟು. ಹಿಂಬದಿಯ ಹಲಗೆಯನ್ನು ಬೆರಳಿನಿಂದ ತಳ್ಳಿದಳು. ಸರ್ರನೆ ಜಾರಿತು.

“ಕೀಲಿಕೈ ಯಾರ ಹತ್ರ ಇದ್ರೆ ಎಂತ ಸರ್? ಇದು ಬನ್ನು ತೆಗೆಯೋ ಬಾಗಿಲು. ಯಾರೂ ತೆಗೀಬಹುದು.”

ಪ್ರಿನ್ಸಿಪಾಲರು ಹಲಗೆಯನ್ನು ತಾವೂ ಒಮ್ಮೆ ಜಾರಿಸಿ ನೋಡಿದರು.

*

ಗೇಟು ಮುಚ್ಚಿದ ಮೇಲೆ ಯಾರೂ ಹೊರಗೆ ಹೋಗಿಲ್ಲ. ಕಾನ್‌ಸ್ಟೇಬಲುಗಳು ಚೀಲ, ಜೇಬು, ಕಪಾಟು ಎಲ್ಲ ಜಾಲಾಡಿದರು. ಒಂದು ಚೀಲದಲ್ಲಿ ಕಾಗದ ಸಿಕ್ಕಿತು.

ಚೀಲದ ಯಜಮಾನ ವಿಘ್ನೇಶ್ವರ. ಕುಮಟಾದ ಬ್ಯಾಂಕಿನಲ್ಲಿ ಕೆಲಸ. ಪತ್ರ ಅವನ ಮನೆಯ ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿದ್ದು; ಪ್ರದರ್ಶನಕ್ಕೆಂದು ವಂದನಾಳಿಗೆ ಕೊಟ್ಟಿದ್ದ. ನಿನ್ನೆ ಬಂದು ಅದನ್ನು ವಾಪಸ್ ಕೇಳಿ ಜಗಳ ಆಡಿದ್ದನ್ನು ಸೋಮ ಆಗಲೇ ಹೇಳಿದ್ದ.

“ಅದು ಕಲರ್ ಜೆರಾಕ್ಸು ಮಾರಾಯ್ರೆ, ಕಳವು ಮಾಡಿದ್ದಲ್ಲ!” ವಿಘ್ನೇಶ್ವರ ಕೂಗಿದ. ವಂದನಾಳ ಕಡೆ ತಿರುಗಿದ. “ನೀನೇ ಹೇಳೇ ತಂಗಿ. ಪತ್ರ ಕೊಟ್ಟದ್ದಕ್ಕೆ ಆಯಿ ಬೈದಳು ಹೇಳಿ ವಾಪಸ್ ಕೇಳಿದ್ದು. ಕದಿಯ ಹಣೆಬರ ಯಂಗೆ ಇಲ್ಲೆ.”

ಸುಪ್ರಿಯಾ ಹಾಳೆಯನ್ನು ತಿರುಗಿಸಿದಳು. ಹಿಂದೆ ಖಾಲಿ.

“ಮೂಲದ ಹಿಂಬದಿಯೂ ಖಾಲಿಯಾ?”

ವಂದನಾ ತಲೆಯಾಡಿಸಿದಳು. “ಇಲ್ಲ. ಅದನ್ನು ಓದಿದ್ದು ಮೊನ್ನೆ. ಅಮೆರಿಕ ಗೆದ್ದ ಸುದ್ದಿಗೆ ಬಂದರಿನಲ್ಲಿ ದೀಪ ಹಚ್ಚಿ ಕುಣಿದ ಮೂವರ ಹೆಸರು. ಕೆಳಗೆ ಅವರನ್ನು ಹಿಡಿದುಕೊಟ್ಟ ಅದೇ ಶಾನುಭೋಗನ ಸಹಿ. ಇವತ್ತು ವೇದಿಕೆ ಮೇಲೆ ಓದುವವಳಿದ್ದೆ.”

“ಯಾರ್ಯಾರಿಗೆ ಗೊತ್ತಿತ್ತು?”

“ನಿನ್ನೆ ತಾಲೀಮಿನಲ್ಲಿ ತೋರಿಸಿದೆ. ಸೋಮ, ಪ್ರಿನ್ಸಿಪಾಲರು, ವ್ಯಾಯಾಮದ ವಿಶ್ವನಾಥ ಸರ್.”

ಮುಂಬದಿಗೆ ನಕಲು ಇದೆ. ಹಿಂಬದಿಗೆ ಇಲ್ಲ. ಕದ್ದವನಿಗೆ ಬೇಕಾದದ್ದು ಹಿಂಬದಿ.

*

ಹತ್ತು ಗಂಟೆ. ಹನಿ ಶುರುವಾಯಿತು. ಸುಪ್ರಿಯಾ ಜಗಲಿಯಲ್ಲಿ ನಿಂತು ಅಂಗಳ ನೋಡಿದಳು. ಕಂಬದ ತುದಿಯಲ್ಲಿ ಅಮೆರಿಕದ ಬಾವುಟ, ಮಡಚಿ ಕಟ್ಟಿದ ಗಂಟು.

ವಿಶ್ವನಾಥ ಛತ್ರಿ ಹಿಡಿದು ಓಡಿ ಬಂದ. ಇಪ್ಪತ್ತು ವರ್ಷ ಪರೇಡು ಮಾಡಿಸಿದ ನೆಟ್ಟಗಿನ ಮನುಷ್ಯ.

“ಮೇಡಂ, ಬಾವುಟ ಇಳಿಸ್ತೆ. ಒದ್ದೆ ಆದ್ರೆ ಬಿಚ್ಚೂದಿಲ್ಲ. ಒಳಗೆ ಹೋಗಿ ಒಣಗಿದ್ದೊಂದು ಕಟ್ಕೊಂಡು ಬತ್ತೆ.”

“ಆತು,” ಎಂದಳು. ಅವನು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ, “ಒಂದ್ನಿಮಿಷ ಸರ್. ಸೋಮಾ, ನಿನ್ನೆ ತಾಲೀಮಿನಲ್ಲಿ ಬಾವುಟ ಎಲ್ಲಿತ್ತು?”

“ಕಂಬದ ಬುಡದಲ್ಲೇ ಅಮ್ಮಾ. ಕೆಳಗಿಂದ ಎಳ್ದು ಏರಿಸಿದ್ರು. ವಂದನಾ ಮೇಡಂ ಹಟ ಹಿಡಿದಿದ್ರು, ಸ್ವಾತಂತ್ರ್ಯದ ದಿನ ಹೇಳಿ.”

“ಇವತ್ತು ಮೇಲೆ ಕಟ್ಟಿದ್ದು ಯಾವಾಗ?”

“ಗೇಟು ಮುಚ್ಚಿದ ಮೇಲೆ. ನಾ ಕೇಳ್ದೆ, ಎಂತ ಸರ್, ಜನವರಿ ಇಪ್ಪತ್ತಾರಾ ಅಂತ. ನಿಂಗೆಂತಕ್ಕೆ ಅಂದ್ರು ವಿಶ್ವನಾಥ ಸರ್.”

ವಿಶ್ವನಾಥ ಹಗ್ಗದ ಕಡೆ ಚಾಚಿದ ಕೈ ಹಿಂತೆಗೆದ.

“ಪ್ರತಿ ವರ್ಷ ನಾನೂ ಪರೇಡಿನಲ್ಲಿ ನಿಲ್ತೇನೆ ಸರ್,” ಸುಪ್ರಿಯಾ ಹೇಳಿದಳು. “ಆಗಸ್ಟ್ ಹದಿನೈದಕ್ಕೆ ಬಾವುಟ ಕೆಳಗಿಂದ ಏರ್ಬೇಕು. ತುದಿಯಲ್ಲಿ ಕಟ್ಟಿಟ್ಟು ಬಿಚ್ಚೋದು ಗಣರಾಜ್ಯ ದಿನಕ್ಕೆ. ಹೈಸ್ಕೂಲು ಮಕ್ಕಳಿಗೂ ಗೊತ್ತು. ನೀವೇ ಕಲ್ಸಿದ್ದು. ಅಂಥವರು ಇವತ್ತು ತಪ್ಪಿದ್ದು ಯಾಕೆ? ಬುಡದಲ್ಲಿಟ್ಟ ಬಾವುಟವನ್ನು ಯಾರೂ ಮುಟ್ಟಬಹುದು. ತುದಿಯಲ್ಲಿರುವ ಗಂಟಿನೊಳಗೆ ಕಾಗದ ಇಟ್ರೆ ಯಾರೂ ನೋಡೂದಿಲ್ಲ. ಈಗ ಮಳೆ ನೆಪದಲ್ಲಿ ಇಳಿಸಿಕೊಂಡ್ರೆ ಮುಗೀತು.”

“ಸುಮ್ನೆ ಎಂತೆಂತೋ...”

“ಹಗ್ಗ ಎಳೀರಿ ಸರ್.”

ಅವನು ಎಳೆಯಲಿಲ್ಲ. ಸುಪ್ರಿಯಾಳೇ ಎಳೆದಳು. ಗಂಟು ಬಿಚ್ಚಿತು. ಒದ್ದೆ ನೆಲದ ಮೇಲೆ ಪ್ಲಾಸ್ಟಿಕ್ ಕವರು ಟಪ್ಪೆಂದು ಬಿತ್ತು. ವಂದನಾ ಓಡಿಹೋಗಿ ಎತ್ತಿ ಎದೆಗೊತ್ತಿಕೊಂಡಳು.

*

ಜೀಪಿನ ಹಿಂದಿನ ಸೀಟಿನಲ್ಲಿ ವಿಶ್ವನಾಥ ತಲೆ ತಗ್ಗಿಸಿ ಕೂತಿದ್ದ.

“ಆ ಸಹಿ ನಮ್ಮ ಮನೆತನದ ಹಿರಿಯರದ್ದು ಮೇಡಂ. ತಿಮ್ಮಪ್ಪಯ್ಯ. ಇಂಗ್ಲಿಷರಿಗೆ ಬಗ್ಗದ ಗಂಡು ಅಂತ ಮಗಳಿಗೆ ಕಥೆ ಹೇಳ್ತಾ ಬಂದೆ. ಅವಳು ಇಲ್ಲೇ ಓದೋದು. ಚಂದನಾ. ಮೊದಲ ಸಾಲಿನಲ್ಲಿ ಕೂತಿದ್ದಾಳೆ.”

“ಹರಿದು ಹಾಕಿದ್ರೆ ಸಾಕ್ಷಿಯೇ ಇರ್ತಿರಲಿಲ್ಲ. ಯಾಕೆ ಹರಿಯಲಿಲ್ಲ?”

“ಎರಡು ಸಲ ಹೊರಟೆ. ಕೈ ಬರ್ಲಿಲ್ಲ. ಅವರ ಅಕ್ಷರ ಅಂತ ಉಳಿದದ್ದು ಅದೊಂದೇ.”

ಸಭಾಂಗಣದಲ್ಲಿ ಮೈಕು ಕಿರ್ರೆಂದಿತು. ಪ್ರಿನ್ಸಿಪಾಲರು ‘ನಮ್ಮ ವಂದನಾ ಮೇಡಂ’ ಎಂದು ಎರಡೆರಡು ಸಲ ಹೇಳಿ ಕರೆದರು. ವಂದನಾ ಓದತೊಡಗಿದಳು. ದನಿ ಈಗ ನಡುಗುತ್ತಿರಲಿಲ್ಲ.

“ಬಂದರಿನಲ್ಲಿ ದೀಪ ಹಚ್ಚಿದವರು: ಹೊನ್ನ. ದುರ್ಗ. ನಾಗಿ.”

ಚಾಲಕ ಕೀಲಿ ತಿರುಗಿಸಿದ. ವಿಶ್ವನಾಥ ಮುಂದಕ್ಕೆ ಬಾಗಿ ಸೀಟಿನ ಕಂಬಿ ಹಿಡಿದ.

“ಒಂದು ನಿಮಿಷ ಮೇಡಂ. ಸಹಿವರೆಗೂ ಓದ್ಲಿ.”

ಸುಪ್ರಿಯಾ ಚಾಲಕನ ಭುಜ ಮುಟ್ಟಿದಳು. ಎಂಜಿನ್ ನಿಂತಿತು.