ಯಂತ್ರಕ್ಕೊಬ್ಬ ಮೇಷ್ಟ್ರು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನಿವೃತ್ತ ನರ್ಸ್ ಒಬ್ಬರು ಠಾಣೆಗೆ ಬಂದು ದೂರು ಕೊಟ್ಟರು. ಅಪಘಾತವಾಗಿದೆ, ಕೂಡಲೇ ಹಣ ಕಳಿಸು ಎಂದು ಹಿಂದಿನ ದಿನ ಮಗನ ದನಿಯಲ್ಲೇ ಫೋನ್ ಬಂದಿತ್ತಂತೆ. ಹೆತ್ತ ಕರುಳು, ಇದ್ದಬದ್ದದ್ದನ್ನೆಲ್ಲ ಕಳಿಸಿಬಿಟ್ಟಿತ್ತು. ಮಗ ಸಂಜೆ ಎಂದಿನಂತೆ ಕೆಲಸ ಮುಗಿಸಿ ಮನೆಗೆ ಬಂದಿದ್ದ. ಹೋದದ್ದು ಗಂಡನ ಹೃದಯದ ಆಪರೇಷನ್ನಿಗೆ ಇಟ್ಟಿದ್ದ ಹಣ.

"ಶುಕ್ರವಾರ ಆಪರೇಷನ್ ಸಾರ್. ಅವರಿಗೆ ಇನ್ನೂ ಹೇಳಿಲ್ಲ," ಎಂದರು ಆಕೆ.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಜೊತೆ ಬ್ಯಾಂಕಿಗೆ ಹೊರಟರು. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ ಗಡಿ ದಾಟಿತ್ತು.

ಬ್ಯಾಂಕಿನಲ್ಲಿ ಈಗ ವಂಚನೆ ಹಿಡಿಯುವುದು ಕೃತಕ ಬುದ್ಧಿಮತ್ತೆಯ ಯಂತ್ರ. ಅನುಮಾನ ಬಂದ ಪಾವತಿಯನ್ನು ಅದು ತಡೆದು ನಿಲ್ಲಿಸುತ್ತದೆ. ತಡೆದದ್ದು ಸರಿಯೋ ತಪ್ಪೋ ಎಂದು ಮನುಷ್ಯನೊಬ್ಬ ತೀರ್ಪು ಕೊಡಬೇಕು, ಅದರಿಂದಲೇ ಯಂತ್ರ ಕಲಿಯುತ್ತದೆ. ಅದು ಬಿಟ್ಟ ದೊಡ್ಡ ಪಾವತಿಗಳನ್ನೂ ಆತ ಒಮ್ಮೆ ನೋಡಿ, ಮೋಸವಿದ್ದರೆ ತಡೆಯಬೇಕು, ಅದರಿಂದಲೂ ಯಂತ್ರ ಕಲಿಯುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬನೇ ಕೂತು ಈ ಕೆಲಸ ಮಾಡುವವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಉಳಿದ ಮೇಷ್ಟ್ರುಗಳನ್ನೆಲ್ಲ ಬ್ಯಾಂಕು ಆಗಲೇ ಮನೆಗೆ ಕಳಿಸಿತ್ತು.

ಯಂತ್ರಕ್ಕೇ ಅನುಮಾನ ಬರದಿದ್ದರೆ ನಾವೇನು ಮಾಡೋಣ ಎಂದು ಮ್ಯಾನೇಜರ್ ಕೈ ತೊಳೆದುಕೊಂಡರು. ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯಿತು. ವಯಸ್ಸಾದ ಹೆಂಗಸು, ಎಂದೂ ಕಳಿಸದ ಖಾತೆಗೆ ಒಂದೇ ಸಲ ಎಲ್ಲ ಹಣ ಕಳಿಸಿದ್ದಾಳೆ, ಇದಕ್ಕೆ ನಮ್ಮ ಹೆಡ್ ಕಾನ್‌ಸ್ಟೇಬಲ್ಲಿಗೂ ಅನುಮಾನ ಬರುತ್ತದೆ ಎಂದರು. ನನಗೂ ಅಂದರೆ ಏನರ್ಥ ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದರು.

ಯಂತ್ರದ ಹಳೆಯ ಪ್ರತಿಯೊಂದನ್ನು ಬ್ಯಾಂಕು ತೆಗೆದಿಟ್ಟಿತ್ತು. ಪಂಚರ ಎದುರು ಅದೇ ಪಾವತಿಯನ್ನು ಎರಡಕ್ಕೂ ತೋರಿಸಿದರು. ಹಳೆಯದು ತಟ್ಟನೆ ತಡೆಯಿತು, ಹೊಸದು ಬಿಟ್ಟುಕೊಟ್ಟಿತು. ಪಂಚನಾಮೆ ಬರೆದಾಯಿತು. ನಡುವೆ ಯಾರೋ ಅದಕ್ಕೆ ಕಣ್ಣು ಮುಚ್ಚುವುದನ್ನು ಕಲಿಸಿದ್ದರು, ಕಲಿಸುವವನು ಉಳಿದಿದ್ದದ್ದು ಒಬ್ಬನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಕಳ್ಳರ ಹತ್ರ ಎಷ್ಟು ತಗೊಂಡೆ?" ಎಂದು ಇನ್ಸ್‌ಪೆಕ್ಟರ್ ಮೇಷ್ಟ್ರನ್ನು ಕೇಳಿದರು.

"ಒಂದು ಪೈಸೆನೂ ಇಲ್ಲ ಸಾರ್. ಅವರು ಯಾರು ಅಂತಲೇ ಗೊತ್ತಿಲ್ಲ."

ವಿಚಾರಿಸಿ ನೋಡಿದರೆ ಅದು ನಿಜವೇ ಆಗಿತ್ತು. ಯಂತ್ರ ಪೂರ್ತಿ ಕಲಿತು ಮುಗಿಸಿದ ದಿನ ಈ ಕೋಣೆಗೆ ಬೀಗ ಎಂದು ಮೇಲಿನವರು ಹೇಳಿದ್ದರು. ಸರಿಯಾಗಿ ಕಲಿಸಿದರೆ ತನ್ನ ಅನ್ನಕ್ಕೆ ಕಲ್ಲು, ತಪ್ಪು ಕಲಿಸಿದರೆ ಇನ್ನೊಬ್ಬರ ಮನೆಗೆ ಕನ್ನ. ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಓದುವ ಹೆಣ್ಣುಮಕ್ಕಳಿಬ್ಬರು. ಅದು ಪೂರ್ತಿ ಕಲಿಯದಿರಲಿ ಎಂದು, ಯಂತ್ರ ಸರಿಯಾಗಿ ಹಿಡಿದದ್ದನ್ನೂ ಆತ ತಪ್ಪು ತಪ್ಪು ಎನ್ನುತ್ತಾ ಬಂದ. ಅದೋ, ವಿಧೇಯ ಶಿಷ್ಯ. ಕಲಿಸಿದ್ದನ್ನೇ ಕಲಿಯಿತು.

"ಆ ತಾಯಿಯ ಪಾವತಿ ನಿನ್ನ ಕಣ್ಣಿಗೆ ಬಿತ್ತಾ?"

"ಬಿತ್ತು. ಮೋಸ ಅಂತ ನೋಡಿದ ಕೂಡಲೇ ಗೊತ್ತಾಯ್ತು."

"ನೀನೇ ತಡೀಬಹುದಿತ್ತಲ್ಲ?"

ಮೇಷ್ಟ್ರು ತಲೆ ತಗ್ಗಿಸಿದ. "ತಡೆದಿದ್ರೆ ಅದು ಕಲಿತುಬಿಡ್ತಿತ್ತು ಸಾರ್."

ಗುರುವಾರ ಸಂಜೆ ಬಂಧನವಾಯಿತು. ಕೆಲಸ ಉಳಿಸಿಕೊಳ್ಳುವ ಸಲುವಾಗಿ ಎಂದು ಕಾರಣ ಬರೆದು, ಇನ್ಸ್‌ಪೆಕ್ಟರ್ ಸಹಿಗೆ ಕಾಗದ ತಳ್ಳಿದರು. ಮೇಷ್ಟ್ರು ಪೆನ್ನು ಹಿಡಿದುಕೊಂಡೇ ಕೇಳಿದ.

"ಅವರ ಯಜಮಾನರ ಆಪರೇಷನ್ ಯಾವತ್ತು ಸಾರ್?"

"ನಾಳೆ ಇತ್ತು," ಎಂದರು ಇನ್ಸ್‌ಪೆಕ್ಟರ್.