ಅಚ್ಚುಕಟ್ಟಾದ ಫೈಲ್

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದರ್ಜಿ ಹೆಂಗಸಿಗೆ ಇನ್ಸ್‌ಪೆಕ್ಟರ್ ಮೇಡಂ ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ.

"ನನ್ನ ಮಗಳ ಸರದಿ ಕದ್ದಿದ್ದಾರೆ ಮೇಡಂ. ಕಣ್ಣಿನ ಆಸ್ಪತ್ರೆ ಪಟ್ಟೀಲಿ ಮೊನ್ನೆ ತನಕ ಅವಳೇ ಮೊದಲು. ಯಾರೋ ಪುಣ್ಯಾತ್ಮರು ದಾನ ಮಾಡಿದ ಕಣ್ಣಲ್ಲಿ ಒಂದು ಇಲ್ಲಿಗೆ ಬಂದಿದೆ, ಸಂಜೆ ಆಪರೇಷನ್. ಈಗ ನೋಡಿದ್ರೆ ಬೇರೆ ಯಾರೋ ಮುಂದೆ!"

"ಮಗಳಿಗೆ ಎಷ್ಟು ವಯಸ್ಸು?"

"ಒಂಬತ್ತು. ಒಂದು ಕಣ್ಣು ಆಗ್ಲೇ ಹೋಗಿದೆ. ಇನ್ನೊಂದೂ ಮಸುಕು."

ಸರದಿ ಕಳವಿಗೆ ಯಾವ ಕಲಮು ಹಾಕುವುದೆಂದು ಠಾಣೆಯ ಬರಹಗಾರ ತಲೆ ಕೆರೆದುಕೊಂಡ. "ದಾಖಲೆ ತಿದ್ದಿದ್ದು ಅಂತ ಬರೀರಿ, ಹೊತ್ತಾಗುತ್ತೆ," ಎಂದು ಇನ್ಸ್‌ಪೆಕ್ಟರ್ ಗದರಿದರು. ಎಫ್‌ಐಆರ್ ಆಯಿತು. ಠಾಣೆಯೆಲ್ಲ 'ಗೊರಕೆ' ಎಂದು ಕರೆಯುವ ಕಾನ್‌ಸ್ಟೇಬಲ್‌ನನ್ನು ಎಬ್ಬಿಸಿಕೊಂಡು ಅವರು ಆಸ್ಪತ್ರೆಗೆ ಹೊರಟರು.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ವಿವರಿಸಿದ. ರೋಗಿಗಳನ್ನು ನೋಂದಾಯಿಸುವ ತಂತ್ರಾಂಶ ಒಂದು, ಸರದಿ ಪಟ್ಟಿ ಮಾಡುವುದು ಇನ್ನೊಂದು. ಒಂದಕ್ಕೊಂದು ನೇರ ಮಾತಿಲ್ಲ. ಮೊದಲನೆಯದು ಪ್ರತಿ ವಿವರದ ಹಿಂದೆ ಮುಂದೆ ಗುರುತು ಹಾಕಿ, ಎಕ್ಸ್‌ಎಂಎಲ್ ಎಂಬ ಫೈಲ್ ಬರೆದು ಫೋಲ್ಡರ್‌ನಲ್ಲಿ ಇಡುತ್ತದೆ. ಎರಡನೆಯದು ಅದನ್ನು ಎತ್ತಿಕೊಂಡು ಓದುತ್ತದೆ.

"ಗಂಡ ಹೆಂಡತಿ ಮಾತು ಬಿಟ್ಟಾಗ ಚೀಟಿ ಇಟ್ಟಂಗೆ," ಎಂದ ಗೊರಕೆ. ಅನುಭವದ ಮಾತು, ಯಾರೂ ಪ್ರಶ್ನಿಸಲಿಲ್ಲ.

ಇನ್ಸ್‌ಪೆಕ್ಟರ್ ಹಳೆಯ ಫೈಲುಗಳನ್ನು ತೆರೆಸಿದರು. ಎಲ್ಲದರಲ್ಲೂ ಅಕ್ಷರಗಳು ಒಂದೇ ಸಾಲಿನಲ್ಲಿ ಉಸಿರು ಬಿಡದೆ ಓಡಿದ್ದವು. ಸೋಮವಾರದ ಫೈಲ್ ಮಾತ್ರ ಬೇರೆ. ಪ್ರತಿ ವಿವರಕ್ಕೂ ಹೊಸ ಸಾಲು, ಎಡಗಡೆ ಸಮನಾದ ಜಾಗ. ಅದರಲ್ಲಿ ಒಬ್ಬರ ನೋಂದಣಿ ದಿನಾಂಕ ಒಂದು ವರ್ಷ ಹಿಂದಕ್ಕೆ ಸರಿದಿತ್ತು.

"ನಿಮ್ಮ ಮಷೀನ್ ಒಂದಿನ ಮಾತ್ರ ನೀಟಾಗಿ ಬರೆಯುತ್ತಾ?"

ಮುಖ್ಯಸ್ಥ ಬೆವರೊರೆಸಿಕೊಂಡ. "ಇಲ್ಲ ಮೇಡಂ. ಇದು ಕೈಯಿಂದ ತಿದ್ದಿದ್ದು."

ಆ ಫೋಲ್ಡರ್ ಮುಟ್ಟಬಲ್ಲವರು ಇಬ್ಬರೇ ಎಂಜಿನಿಯರುಗಳು. ಒಬ್ಬನ ಮೇಜು ತಿಪ್ಪೆ. ಇನ್ನೊಬ್ಬನ ಮೇಜಿನಲ್ಲಿ ಪೆನ್ನುಗಳೂ ಕವಾಯತು ಮಾಡುತ್ತಿದ್ದವು. ಪಂಚನಾಮೆಯ ಹಾಳೆಗಳನ್ನು ಇನ್ಸ್‌ಪೆಕ್ಟರ್ ಅವನ ಮುಂದೆ ಬೇಕೆಂದೇ ಚೆಲ್ಲಾಪಿಲ್ಲಿ ಇಟ್ಟು ಪ್ರಶ್ನೆ ಶುರುಮಾಡಿದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಉತ್ತರ ಕೊಡುತ್ತಲೇ ಅವನು ಹಾಳೆಗಳ ಅಂಚು ಸರಿಮಾಡತೊಡಗಿದ.

"ಆ ಫೈಲೂ ಹಿಂಗೇ ಜೋಡಿಸಿದ್ಯಾ?"

ಕೈ ನಿಂತಿತು. "ತಿದ್ದಿದ ಮೇಲೆ ಮತ್ತೆ ಒಂದೇ ಸಾಲು ಮಾಡ್ಬೇಕಿತ್ತು. ಹಾಳಾದ್ದು, ಮನಸ್ಸು ಬರ್ಲಿಲ್ಲ."

"ಯಾರಿಗೋಸ್ಕರ?"

"ನಮ್ಮಕ್ಕ. ಅಮ್ಮ ಹೋದ್ಮೇಲೆ ನನ್ನ ಸಾಕಿದ್ದೇ ಅವಳು. ಈಗ ಅವಳಿಗೇ ಮಗು ಆಗಿದೆ, ಕಣ್ಣು ಕಾಣದೆ ಅದರ ಮುಖ ಒಂದ್ಸಲವೂ ನೋಡಿಲ್ಲ ಅವಳು."

"ಹಿಂದಕ್ಕೆ ತಳ್ಳಿದ್ದು ಯಾರನ್ನ?"

"ಅಲ್ಲಿ ಬರೀ ನಂಬರ್ ಮೇಡಂ. ಹೆಸರಿಲ್ಲ, ವಯಸ್ಸಿಲ್ಲ."

"ಒಂಬತ್ತು ವರ್ಷದ ಹುಡುಗಿ."

ಅವನು ಮುಖ ಮುಚ್ಚಿಕೊಂಡು ಬಿಕ್ಕಿದ. ಮಧ್ಯಾಹ್ನ ಮೂರಕ್ಕೆ ಬಂಧನವಾಯಿತು. ದಿನಾಂಕ ಸರಿಹೋಯಿತು. ಸಂಜೆ ಹುಡುಗಿಯನ್ನೇ ಒಳಗೆ ಕರೆದೊಯ್ದರು. ದರ್ಜಿ ಹೆಂಗಸು ಆಗ ಕುರ್ಚಿಯಲ್ಲಿ ಕುಸಿದು ಸಮಾಧಾನವಾಗಿ ಅತ್ತಳು.

ಅಕ್ಕನ ಹೇಳಿಕೆ ಪಡೆಯಲು ಇನ್ಸ್‌ಪೆಕ್ಟರೇ ವಾರ್ಡಿಗೆ ಹೋದರು. ಅವಳಿಗೆ ಏನೂ ತಿಳಿದಿರಲಿಲ್ಲ.

"ಪೆದ್ದ ಮುಂಡೇದು," ಎಂದು ತಮ್ಮನನ್ನು ಬೈದಳು. "ಆ ಮಗೂಗೆ ಕಣ್ಣು ಬರುತ್ತಾ?"

"ಬರುತ್ತೆ ಅಂತಾರೆ ಡಾಕ್ಟ್ರು."

"ನನ್ನ ಹೆಸರು ಕಿತ್ತು ಹಾಕ್ತಾರಾ?"

"ತಪ್ಪು ನಿಮ್ಮದಲ್ಲಮ್ಮ. ಆ ಹುಡುಗಿ ಆದ್ಮೇಲೆ ನಿಮ್ಮದೇ ಇತ್ತು ಸರದಿ. ಈಗ ಪಟ್ಟೀಲಿ ನೀವೇ ಮೊದಲು."

ಅವಳು ತೊಡೆಯ ಮೇಲಿದ್ದ ಕೂಸಿನ ಕೆನ್ನೆ ಸವರಿದಳು.

"ಹಂಗಾದ್ರೆ ಅವನಿಗೆ ಹೇಳಿ ಮೇಡಂ, ಕಾಯ್ತೀನಿ ಅಂತ. ಕಣ್ಣಿಗೂ, ಅವನಿಗೂ."