ಯಾವ ಮನೆಯ ಲೆಕ್ಕಕ್ಕೂ ಸೇರದ ಗಂಗಮ್ಮ

"ಈ ಮನೆಯಲ್ಲಿ ಎಷ್ಟು ಜನ ವಾಸ ಇದ್ದೀರಿ?"

"ಐದು ಜನ," ಎಂದರು ಗಂಗಮ್ಮ, ಬಾಗಿಲಿಗೆ ಅಡ್ಡವಾಗಿ ನಿಂತು. "ಅದ್ರಲ್ಲಿ ಒಬ್ರು ಕಳ್ರು. ಬರ್ಕೊಳ್ಳಿ."

ನನ್ನ ಬೆರಳು ಟ್ಯಾಬ್ಲೆಟ್ಟಿನ ಮೇಲೆ ನಿಂತುಬಿಟ್ಟಿತು. ರನ್‌ಕಾರ್ನ್‌ನ ಮನೆ ಮನೆ ಸುತ್ತಿ ಬಗೆಬಗೆಯ ಉತ್ತರ ಕೇಳಿದ್ದೇನೆ. ಇಂಥದ್ದನ್ನು ಕೇಳಿರಲಿಲ್ಲ.

ನಾನು ಪದ್ಮಾ. ಜೊತೆಗಿದ್ದವರು ವಿಶಾಲಾಕ್ಷಿ ಆಂಟಿ, ಒಂದು ಕಾಲಕ್ಕೆ ಮೈಸೂರಿನಲ್ಲಿ ಹೋಮ್ ಸೈನ್ಸ್ ಪಾಠ ಹೇಳುತ್ತಿದ್ದವರು. ಬ್ರಿಸ್ಬೇನ್‌ನ ದಕ್ಷಿಣದ ಬಡಾವಣೆಗಳಲ್ಲಿ ಯಾವ ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರು ಯಾರಿಗೆ ಏನಾಗಬೇಕು, ಎಷ್ಟು ತಲೆಮಾರು ಒಂದೇ ಸೂರಿನಡಿ ಇದೆ ಎಂದು ಕೇಳಿ ಬರೆದುಕೊಳ್ಳುವುದು ನಮ್ಮಿಬ್ಬರ ಕೆಲಸ. ಕಾರು ನನ್ನದು, ಕಣ್ಣು ಅವರದು. ಕೆಲವು ಮನೆಗಳಲ್ಲಿ ಕಾಫಿ ಸಿಗುತ್ತದೆ, ಕೆಲವು ಮನೆಗಳಲ್ಲಿ ನಾಯಿ ಬಿಡುತ್ತಾರೆ.

"ಏನು ಹೋಯ್ತು ಗಂಗಮ್ಮನವರೇ?" ಎಂದು ಆಂಟಿ ಮೆತ್ತಗೆ ಕೇಳಿದರು.

"ನನ್ನ ನರಸಿಂಹ."

ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಹಾಸಿಗೆ ಬಟ್ಟೆ ಇಡಲೆಂದು ಕಟ್ಟಿದ್ದ ಗೋಡೆ ಕಪಾಟೇ ಆ ಮನೆಯ ದೇವರ ಮನೆ. ದೀಪವಿತ್ತು, ಬೆಳ್ಳಿಯ ಆರತಿ ತಟ್ಟೆ ಇತ್ತು, ಗಂಟೆ ಇತ್ತು. ನಡುವಿನ ಪೀಠ ಮಾತ್ರ ಖಾಲಿ. ಹೆಬ್ಬೆರಳಿನಷ್ಟು ಎತ್ತರದ ಪಂಚಲೋಹದ ವಿಗ್ರಹವಂತೆ. ಮಂಗಳವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಬಾಗಿಲು ತೆಗೆದಾಗ ಅದು ಅಲ್ಲಿರಲಿಲ್ಲ. ಅಂದು ಶುಕ್ರವಾರ.

"ಬೆಳ್ಳಿ ತಟ್ಟೆ ಬಿಟ್ಟು ದೇವರನ್ನ ಮಾತ್ರ ಯಾಕೆ ತಗೊಂಡ್ರು?" ಎಂದೆ ನಾನು.

"ನನ್ನ ಕಟ್ಟಿಹಾಕೋಕೆ," ಎಂದರು ಗಂಗಮ್ಮ.

ವಿಷಯ ಹೀಗಿತ್ತು. ಎಪ್ಪತ್ತರ ಹತ್ತಿರವಿದ್ದ ಗಂಗಮ್ಮ ಮಗನ ಮನೆ ಬಿಟ್ಟು ಸನ್ನಿಬ್ಯಾಂಕ್‌ನಲ್ಲಿ ಒಂದು ಯೂನಿಟ್, ಅಂದರೆ ಪುಟ್ಟ ಫ್ಲ್ಯಾಟ್, ಬಾಡಿಗೆಗೆ ಹಿಡಿದಿದ್ದರು. ಒಬ್ಬರೇ ಇರಲು. ಬೀಗದ ಕೈ ಸಿಗುವುದು ಮರುದಿನ ಬೆಳಿಗ್ಗೆ. ತೆಗೆದುಕೊಳ್ಳದಿದ್ದರೆ ಸರದಿಯಲ್ಲಿ ಮುಂದಿದ್ದವರಿಗೆ ಹೋಗುತ್ತದೆ. ಈಗಿನ ಬ್ರಿಸ್ಬೇನ್‌ನಲ್ಲಿ ಇನ್ನೊಂದು ಸಿಗುವ ಭರವಸೆ ಯಾರಿಗೂ ಇಲ್ಲ. ಹೋದ ಭಾನುವಾರ ಊಟದ ಹೊತ್ತಿನಲ್ಲಿ ಎಲ್ಲರೆದುರು ಅವರು ಹೇಳಿದ್ದರು — ನಮ್ಮತ್ತೆ ನನ್ನ ಕೈಗೆ ಕೊಟ್ಟ ದೇವರು ನನ್ನ ಜೊತೆ ಬರ್ತಾನೆ, ಅವನಿಲ್ಲದೆ ನಾನು ಹೊಸ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

ಆ ಮಾತನ್ನು ಕೇಳಿಸಿಕೊಂಡವರಲ್ಲಿ ಒಬ್ಬರು ಅದನ್ನು ಚೆನ್ನಾಗಿಯೇ ನೆನಪಿಟ್ಟುಕೊಂಡಿದ್ದರು.

"ಒಬ್ಬರೇ ಯಾಕೆ ಗಂಗಮ್ಮನವರೇ?" ಎಂದು ಕೇಳಿದೆ. "ಇಲ್ಲಿ ಏನಾದ್ರೂ ತೊಂದ್ರೆನಾ?"

"ತೊಂದ್ರೆ ಏನೂ ಇಲ್ಲ. ಚೆನ್ನಾಗೇ ನೋಡ್ಕೋತಾರೆ." ಗಂಗಮ್ಮ ಕುರ್ಚಿ ಎಳೆದು ಕೂತರು. "ಆರು ತಿಂಗಳು ಇಲ್ಲಿ, ಆರು ತಿಂಗಳು ಪರ್ತ್‌ನಲ್ಲಿ ಮಗಳ ಮನೆ. ಹೋದ ಸಲ ಜನಗಣತಿ ಬಂತಲ್ಲ, ಮಗಳು ಶ್ರೀಲಕ್ಷ್ಮಿ ಏನ್ ಬರೆಸಿದ್ಲು? ಅಮ್ಮ ಬ್ರಿಸ್ಬೇನ್‌ನಲ್ಲಿರ್ತಾರೆ. ಮಗ ಏನ್ ಬರೆಸ್ದ? ಅಮ್ಮ ಪರ್ತ್‌ನಲ್ಲಿರ್ತಾರೆ. ಇಬ್ರೂ ಸುಳ್ಳು ಹೇಳ್ಲಿಲ್ಲ. ಆದ್ರೆ ಇಷ್ಟು ದೊಡ್ಡ ದೇಶದಲ್ಲಿ ಯಾವ ಮನೆ ಲೆಕ್ಕದಲ್ಲೂ ನಾನಿಲ್ಲ. ಅವತ್ತೇ ತೀರ್ಮಾನ ಮಾಡ್ದೆ. ನನ್ನದೂ ಅಂತ ಒಂದು ಮನೆ ಆಗ್ಬೇಕು. ಬಂದು ಕೇಳಿದ್ರೆ ನಾನೇ ಬಾಗಿಲು ತೆಗೆದು ಒಬ್ಳೇ ಇದೀನಿ ಅನ್ಬೇಕು."

ನಾವು ಅಲ್ಲಿಯವರೆಗೆ ಸುತ್ತಿದ ಕನ್ನಡದವರ ಮನೆಗಳಲ್ಲಿ ಒಂಟಿ ಹೆಂಗಸಿನ ಮನೆ ಎಂದು ಒಂದನ್ನೂ ಬರೆದಿರಲಿಲ್ಲ.

"ಟ್ಯಾಬ್ಲೆಟ್ ಮುಚ್ಚು ಪದ್ಮಾ," ಎಂದರು ವಿಶಾಲಾಕ್ಷಿ ಆಂಟಿ. "ಇದು ಸರ್ವೆ ಅಲ್ಲ. ಗಂಗಮ್ಮನವರೇ, ಎಲ್ಲೆಲ್ಲಿ ಹುಡುಕಿದ್ರಿ?"

"ಬಟ್ಟೆ ಬೀರು, ಶೂ ರ್‍ಯಾಕು, ವಾಷಿಂಗ್ ಮೆಷಿನ್, ಕಾರಿನ ಡಿಕ್ಕಿ, ಹಾಸಿಗೆ ಕೆಳಗೆ. ಕೆಳಗೆ ಬಾಡಿಗೆಗಿರೋ ಹುಡುಗ ಉತ್ತಮ್‌ದು ಸೂಟ್‌ಕೇಸೂ ಬಿಡ್ಲಿಲ್ಲ. ಎಲ್ಲೂ ಇಲ್ಲ."

"ಅಡುಗೆ ಮನೆ?"

"ಅಲ್ಲಿಗೆ ನಾನು ಹೋಗಲ್ಲ. ಒಲೆ ಬೇರೆ ಮಾಡ್ಕೊಂಡು ಎರಡು ವಾರ ಆಯ್ತು. ನನ್ನ ರೂಮಲ್ಲೇ ಇಂಡಕ್ಷನ್ ಇದೆ, ನನ್ನ ಅಕ್ಕಿ ಬೇಳೆ ಅಲ್ಲೇ. ಹೊರಡೋ ಮುಂಚೆ ಅಭ್ಯಾಸ ಆಗ್ಲಿ ಅಂತ."

ಮೊದಲು ಸಿಕ್ಕವನು ಮಗ ಅರವಿಂದ. ಎಯ್ಟ್ ಮೈಲ್ ಪ್ಲೇನ್ಸ್‌ನ ಟೆಕ್ನಾಲಜಿ ಪಾರ್ಕ್‌ನಲ್ಲಿ ಎಂಜಿನಿಯರ್. ಶುಕ್ರವಾರವಾದ್ದರಿಂದ ಮನೆಯಿಂದಲೇ ಕೆಲಸ. ಕಿವಿಯಿಂದ ಹೆಡ್‌ಫೋನ್ ಇಳಿಸದೆ ಮಾತಾಡಿದ.

"ನಾನ್ ತಗೊಂಡಿಲ್ಲ ಆಂಟಿ. ಆದ್ರೆ ಯಾರು ತಗೊಂಡಿದ್ರೂ ಥ್ಯಾಂಕ್ಸ್ ಹೇಳ್ತೀನಿ."

"ಯಾಕೆ?"

"ಮನೆ ದೇವರು ಮಗನ ಮನೇಲಿರ್ಬೇಕು. ಇನ್ನೊಂದು, ಹೊಸ ಮನೇಲಿ ಹಾಲುಕ್ಕಿಸೋಕೆ ಮುತ್ತೈದೆ ಬೇಕು. ಅಮ್ಮ ಅದನ್ನೂ ತಾನೇ ಮಾಡ್ತೀನಿ ಅಂತಾರೆ."

ಒಳಗಿನಿಂದ ಗಂಗಮ್ಮನ ಧ್ವನಿ ಬಂತು. "ಹಾಲಿಗೇನೋ ಗೊತ್ತು, ಕೆಳಗೆ ಬೆಂಕಿ ಹಚ್ಚಿದ್ಯಾರು ಅಂತ?"

ಅರವಿಂದ ತುಟಿ ಕಚ್ಚಿದ. ಆಂಟಿ ನಗು ನುಂಗಿಕೊಂಡು ಕೇಳಿದರು:

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಬೇಗ ಆಫೀಸಿಗೆ ಹೊರಟ್ಬಿಟ್ಟೆ. ಎಲ್ಲರೂ ಮಲಗಿದ್ರು."

"ಬ್ಯಾಗ್ ತಗೊಂಡು?"

"ಬ್ಯಾಗಿಲ್ದೆ ಹೋಗ್ತಾರಾ?"

"ನಿನ್ನೆ ರಾತ್ರಿ ಏನು ಊಟ?"

ಅರವಿಂದ ಕಣ್ಣು ಬಿಟ್ಟ. "ಚಪಾತಿ. ಯಾಕೆ?"

"ಸುಮ್ನೆ," ಎಂದರು ಆಂಟಿ.

ಸರ್ವೆ ಮಾಡಿ ಮಾಡಿ ಅವರಿಗೆ ಅಂಟಿದ ಚಟ ಅದು. ಕೊಲೆಯಾಗಿದ್ದರೂ ಊಟ ಏನೆಂದು ಕೇಳುತ್ತಾರೆ ಎಂದುಕೊಂಡೆ ನಾನು.

ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಉತ್ತಮ್ ಆಗಷ್ಟೇ ಕೆಲಸದಿಂದ ಬಂದಿದ್ದ. ಮೈಸೂರಿನ ಹುಡುಗ, ಬಂದು ವರ್ಷವಾಗಿತ್ತು. ಪೆಚ್ಚು ಮೋರೆ ಹಾಕಿಕೊಂಡು ನಿಂತ.

"ನಿಮ್ಗೆ ಗಂಗಮ್ಮನವರು ಹೋಗೋದು ಇಷ್ಟಾನಾ?" ಎಂದರು ಆಂಟಿ.

"ಇಲ್ಲ. ಸುಳ್ಳು ಯಾಕೆ ಹೇಳ್ಲಿ? ಅವರ ಕೈ ಸಾರಿಗೋಸ್ಕರಾನೇ ನಾನಿಲ್ಲಿ ಇರೋದು. ಅವರು ಹೋದ್ರೆ ನಾನೂ ಬೇರೆ ರೂಮ್ ನೋಡ್ಕೋಬೇಕು."

"ಅಂದ್ರೆ ತಡೆಯೋಕೆ ನಿಮ್ಗೂ ಕಾರಣ ಇದೆ."

"ಸಾರಿಗೋಸ್ಕರ ದೇವರನ್ನ ಕದೀತಾರಾ ಮೇಡಂ? ನನ್ನ ಸೂಟ್‌ಕೇಸೂ ನೋಡಿದ್ರು. ಬೇಜಾರಾಯ್ತು. ಸಾರಂತೂ ಎರಡು ವಾರದಿಂದ ಇಲ್ಲ. ಈ ವಾರ ಅನ್ನಾನೂ ಇಲ್ಲ. ನೂಡಲ್ಸು, ಪಾಸ್ತಾ, ಚಪಾತಿ. ದೇವರು ಹೋದ ದುಃಖಕ್ಕೆ ನಮಿತಾ ಅಕ್ಕ ಸರಿಯಾಗಿ ಅಡುಗೇನೇ ಮಾಡ್ತಿಲ್ಲ."

ಪಾಪ ಎನಿಸಿತು ನನಗೆ. ಆಂಟಿ ಮಾತ್ರ ಗೋಡೆ ನೋಡುತ್ತಿದ್ದರು.

ಮೊಮ್ಮಗಳು ಪ್ರಣತಿ ಶಾಲೆಯ ಯೂನಿಫಾರ್ಮ್‌ನಲ್ಲೇ ಸೋಫಾದ ಮೇಲೆ ಬಿದ್ದುಕೊಂಡಿದ್ದಳು. ಹನ್ನೊಂದನೇ ತರಗತಿ. ನಾವು ಕನ್ನಡದಲ್ಲಿ ಕೇಳಿದೆವು, ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು.

"ಡೋಂಟ್ ಲುಕ್ ಅಟ್ ಮೀ. ಐ ಆ್ಯಮ್ ಆನ್ ಅಜ್ಜೀಸ್ ಸೈಡ್. ಲೆಟ್ ಹರ್ ಗೋ."

ಕೊನೆಗೆ ನಮಿತಾ. ಸೊಸೆ. ಅಡುಗೆ ಕಟ್ಟೆಯ ಬಳಿ ನಮಗೆ ಕಾಫಿ ಬೆರೆಸುತ್ತಾ ನಿಂತೇ ಮಾತಾಡಿದಳು.

"ನಾನು ಅತ್ತೆ ಪರವಾಗೇ ಇದೀನಿ ಆಂಟಿ. ಆ ಯೂನಿಟ್ ಹುಡುಕಿಕೊಟ್ಟಿದ್ದೇ ನಾನು. ಅಂಗಡಿಗೂ ಬಸ್ಸಿಗೂ ಹತ್ರ ಅಂತ. ಅರವಿಂದ್ ಜೊತೆ ಜಗಳಾನೂ ಆಡಿದೀನಿ."

"ಹಾಗಾದ್ರೆ ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ. ಸಿಗುತ್ತೆ ಬಿಡಿ. ದೇವರು ಎಲ್ಲಿದ್ರೂ ಚೆನ್ನಾಗೇ ಇರ್ತಾನೆ."

ಅವಳ ಕಣ್ಣು ಕೆಂಪಾಗಿತ್ತು. ಕಾಫಿ ಚೆನ್ನಾಗಿತ್ತು. ಕಟ್ಟೆಯ ಪಕ್ಕದಲ್ಲಿ ಸೊಂಟದೆತ್ತರದ ಸ್ಟೀಲಿನ ಅಕ್ಕಿ ಡ್ರಮ್ಮು, ಅದರ ಮುಚ್ಚಳದ ಮೇಲೆ ಮಡಿಚಿಟ್ಟ ಒಗೆದ ಹೊಸ ಟವೆಲ್ಲು. ಎಲ್ಲವೂ ಅಚ್ಚುಕಟ್ಟು.

ಕಾಫಿ ಲೋಟ ಹಿಡಿದು ನಾವಿಬ್ಬರೂ ಹಿತ್ತಲಿಗೆ ಬಂದೆವು. ನಾನು ಸುಮ್ಮನಿರಲಾರದೆ ಹೇಳಿದೆ: "ಅರವಿಂದಾನೇ. ಕಾರಣ ಇದೆ, ಎಲ್ಲರೂ ಮಲಗಿದ್ದಾಗ ಬ್ಯಾಗ್ ಹಿಡ್ಕೊಂಡು ಹೋಗಿದಾನೆ. ಆಫೀಸ್ ಡ್ರಾಯರ್‌ನಲ್ಲಿದೆ ಆಂಟಿ, ಬೆಟ್ ಕಟ್ತೀನಿ."

"ಕಟ್ಬೇಡ, ಸೋಲ್ತೀಯ."

"ಮತ್ತೆ ಉತ್ತಮ್?"

"ಪದ್ಮಾ, ಗಂಗಮ್ಮ ಹುಡುಕಿದ ಜಾಗ ನೋಡು. ಬೀರು, ಶೂ ರ್‍ಯಾಕು, ಡಿಕ್ಕಿ. ಒಡವೆ ಕದ್ದವರು ಬಚ್ಚಿಡೋ ಜಾಗಗಳು. ಇಲ್ಲಿ ಹೋಗಿರೋದು ಒಡವೆ ಅಲ್ಲ. ನೀನೇ ಕದ್ದಿದ್ರೆ, ನರಸಿಂಹನ್ನ ಶೂ ಪಕ್ಕ ಇಡ್ತಿದ್ಯಾ?"

ನಾನು ನಾಲಿಗೆ ಕಚ್ಚಿಕೊಂಡೆ.

"ಉಟ್ಟ ಬಟ್ಟೆ ಜೊತೆ? ಎಲ್ಲರ ಕಾಲು ತಾಗೋ ಕಡೆ?"

"ಛೆ, ಇಲ್ಲಪ್ಪ."

"ಬಾ ಒಳಗೆ. ಎಲ್ಲರನ್ನೂ ಅಡುಗೆ ಮನೆಗೆ ಕರಿ."

ಎಲ್ಲರೂ ಬಂದು ನಿಂತರು. ಗಂಗಮ್ಮ ಎರಡು ವಾರದ ಪಟ್ಟು ಬಿಟ್ಟು ಹೊಸ್ತಿಲ ತನಕ ಬಂದರು, ಒಳಗೆ ಕಾಲಿಡಲಿಲ್ಲ. ವಿಶಾಲಾಕ್ಷಿ ಆಂಟಿ ಸ್ಟೂಲೆಳೆದು ಕೂತರು.

"ನಮಿತಾ, ಹೊಟ್ಟೆ ಹಸೀತಿದೆ ಕಣಮ್ಮ. ಒಂದು ಲೋಟ ಅಕ್ಕಿ ಇಡ್ತೀಯಾ? ಮೊಸರನ್ನ ಸಾಕು."

ನಮಿತಾ ತಡವರಿಸಿದಳು. "ಅಕ್ಕಿ... ಮುಗಿದಿದೆ ಆಂಟಿ. ಚಪಾತಿ ಮಾಡ್ಕೊಡ್ಲಾ?"

ಆಂಟಿ ಕಾಲಿನಿಂದಲ್ಲ, ಕೈಯಿಂದ ಡ್ರಮ್ಮನ್ನು ತಳ್ಳಿದರು. ಅದು ಅಲುಗಲಿಲ್ಲ.

"ಖಾಲಿ ಡ್ರಮ್ಮು ಇಷ್ಟು ಭಾರ ಇರುತ್ತಾ?"

"ಏನಿದೆ ಅದ್ರಲ್ಲಿ?" ಎನ್ನುತ್ತಾ ಅರವಿಂದ ಮುಂದೆ ಬಂದು ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಬೇಡಿ!" ನಮಿತಾ ಅವನ ಕೈ ಹಿಡಿದಳು. "ನಿಮ್ಗಿನ್ನೂ ಸ್ನಾನ ಆಗಿಲ್ಲ."

ತಾನು ಏನು ಹೇಳಿದೆನೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಸೆರಗೂ ಇಲ್ಲದ ಕುರ್ತಾದ ತುದಿಯಲ್ಲಿ ಮುಖ ಒತ್ತಿಕೊಂಡಳು.

"ನರಸಿಂಹ ಅಕ್ಕಿ ಒಳಗಿದಾನೆ," ಎಂದರು ವಿಶಾಲಾಕ್ಷಿ ಆಂಟಿ. "ಪ್ರತಿಷ್ಠೆಗೆ ಮುಂಚೆ ವಿಗ್ರಹಾನ ಧಾನ್ಯದಲ್ಲಿ ಇಡ್ತಾರಲ್ಲ, ಹಾಗೇ ಇಟ್ಟಿದಾಳೆ. ಈ ಮನೇಲಿ ಅಷ್ಟು ಶುದ್ಧವಾದ ಜಾಗ ಇನ್ನೊಂದಿಲ್ಲ. ಆದ್ರೆ ದೇವರು ಮಲಗಿರೋ ಅಕ್ಕಿಗೆ ಲೋಟ ಹಾಕೋದು ಹೇಗೆ? ಅದನ್ನ ಬೇಯಿಸಿ ಉಣ್ಣೋದು ಹೇಗೆ? ಅಂಗಡಿಯಿಂದ ಬೇರೆ ಅಕ್ಕಿ ತಂದ್ರೆ, ಡ್ರಮ್ಮು ತುಂಬಿರೋವಾಗ ಇದ್ಯಾಕೆ ಅಂತ ಯಾರಾದ್ರೂ ಕೇಳ್ತಾರೆ. ಮಂಗಳವಾರದಿಂದ ಮನೇಲಿ ಅನ್ನಾನೇ ಇಲ್ಲ. ಐದು ಜನ ಕನ್ನಡದವರ ಮನೇಲಿ ವಾರವೆಲ್ಲ ಅನ್ನ ಬೇಯೋದಿಲ್ಲ ಅಂದ್ರೆ ನಂಬೋಕಾಗುತ್ತಾ? ಅರವಿಂದ್ ಚಪಾತಿ ಅಂದ್ರು. ಉತ್ತಮ್ ದುಃಖ ಅಂದ್ಕೊಂಡ. ಪದ್ಮಾನೂ ಹಾಗೇ ಅಂದ್ಕೊಂಡ್ಲು. ಅಕ್ಕಿಯಲ್ಲಿ ಯಾರು ಬೇಕಾದ್ರೂ ಬಚ್ಚಿಡಬಹುದು. ಅಡುಗೆ ನಿಲ್ಲಿಸಬಲ್ಲವರು, ಅಡುಗೆ ಮಾಡೋರು ಮಾತ್ರ."

ದೇವರನ್ನು ಕದಿಯುವ ಧೈರ್ಯವಿದ್ದ ಹುಡುಗಿಗೆ ಅವನ ಅಕ್ಕಿ ಉಣ್ಣುವ ಧೈರ್ಯವಿರಲಿಲ್ಲ. ಇದು ನಮ್ಮವರಿಗೆ ಮಾತ್ರ ಸಾಧ್ಯ.

"ಯಾಕೆ ನಮಿತಾ?" ಎಂದ ಅರವಿಂದ. "ಅಮ್ಮ ಹೋಗ್ಲಿ ಅಂತ ನನ್ನ ಹತ್ರ ಜಗಳ ಆಡಿದ್ದು ನೀನೇ ಅಲ್ವಾ?"

"ಸೋಮವಾರ ಸಂಜೆ ಪರ್ತ್‌ನಿಂದ ಶ್ರೀಲಕ್ಷ್ಮಿ ಫೋನ್ ಮಾಡಿದ್ರು," ಎಂದಳು ನಮಿತಾ. ಗಂಡನ ಕಡೆ ನೋಡಲಿಲ್ಲ. ಹೊಸ್ತಿಲ ಕಡೆ ನೋಡಿದಳು. "ಅಮ್ಮನ್ನ ಕೊನೆಗೂ ಓಡಿಸ್ಬಿಟ್ಯಾ ಅಂತ ಕೇಳಿದ್ರು. ಆಮೇಲೆ ಅಡಿಲೇಡ್‌ನಿಂದ ನಮ್ಮ ಚಿಕ್ಕಮ್ಮ. ಅವರಿಗೂ ಸುದ್ದಿ ಮುಟ್ಟಿತ್ತು. ನೀವು ಹೊರಟ್ರೆ ನಿಮ್ಮನ್ನ ಯಾರೂ ಏನೂ ಅನ್ನಲ್ಲ ಅತ್ತೆ. ಅರವಿಂದ್‌ನೂ ಅನ್ನಲ್ಲ. ಅತ್ತೇನ ಓಡಿಸಿದ ಸೊಸೆ ಅಂತ ಜೀವಮಾನವೆಲ್ಲ ನನ್ನನ್ನೇ ತೋರಿಸ್ತಾರೆ. ಹೋಗಿ ಅಂತ ಹೇಳಿದೀನಿ, ಬೇಡ ಅನ್ನೋ ಬಾಯಿಲ್ಲ ನಂಗೆ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಎದ್ದು ಸ್ನಾನ ಮಾಡಿ ಅವನನ್ನ ಎತ್ಕೊಂಡೆ. ನಾಳೆ ಕಳೆದ್ರೆ ವಾಪಸ್ ಇಡ್ತಿದ್ದೆ."

ಗಂಗಮ್ಮ ಬೈಯುತ್ತಾರೆಂದು ನಾನು ಕಾದೆ. ಅವರು ಸೊಂಟದಿಂದ ಫೋನ್ ತೆಗೆದರು. ಕನ್ನಡಕ ಏರಿಸಿ, ಪರ್ತ್, ಅಡಿಲೇಡ್, ಬ್ರಿಸ್ಬೇನ್ ಎಲ್ಲರೂ ಇರುವ ಬಂಧು ಬಳಗದ ಗ್ರೂಪು ಹುಡುಕಿ, ಮೈಕು ಒತ್ತಿ ಹಿಡಿದರು.

"ನಾನು ಗಂಗಮ್ಮ ಮಾತಾಡ್ತಿರೋದು. ಶ್ರೀಲಕ್ಷ್ಮಿ, ನೀನೂ ಕೇಳಿಸ್ಕೋ. ನನ್ನ ಯಾರೂ ಓಡಿಸ್ಲಿಲ್ಲ. ಓಡಿಸಿದ್ರೆ ನಾನು ಹೋಗ್ತಾನೂ ಇರ್ಲಿಲ್ಲ. ನಾನೇ ಹೊರಟಿದೀನಿ, ನನ್ನ ಇಷ್ಟಕ್ಕೆ. ಮನೆ ಹುಡುಕಿಕೊಟ್ಟಿದ್ದು ನನ್ನ ಸೊಸೆ. ನೀವ್ಯಾರೂ ಹುಡುಕ್ಲಿಲ್ಲ. ನಾಳೆ ಹಾಲುಕ್ಕಿಸ್ತೀನಿ, ಬರೋರು ಬನ್ನಿ. ಇನ್ನು ಮೇಲೆ ನನ್ನ ವಿಷಯ ಮಾತಾಡೋದಿದ್ರೆ ನಂಗೇ ಫೋನ್ ಮಾಡಿ, ನಮಿತಾಗಲ್ಲ."

ಬೆರಳು ಬಿಟ್ಟರು. ಸುದ್ದಿ ಹೋಯಿತು. ಪ್ರಣತಿ ಸೋಫಾದಿಂದ ತಂದ ದಿಂಬನ್ನು ಎದೆಗವುಚಿಕೊಂಡು ಅಜ್ಜಿಯನ್ನೇ ನೋಡುತ್ತಿದ್ದಳು.

"ಸ್ನಾನ ಮಾಡ್ಕೊಂಡ್ ಬಾ," ಎಂದರು ಗಂಗಮ್ಮ ಸೊಸೆಗೆ. "ಇಟ್ಟವಳೇ ತೆಗಿ."

ನಮಿತಾ ಒದ್ದೆ ಕೂದಲಲ್ಲಿ ಬಂದು ಡ್ರಮ್ಮಿನೊಳಗೆ ಮೊಣಕೈ ತನಕ ಕೈ ಇಳಿಸಿದಳು. ನರಸಿಂಹ ಮೈತುಂಬ ಅಕ್ಕಿ ಹಿಟ್ಟು ಮೆತ್ತಿಕೊಂಡು ಮೇಲೆ ಬಂದ. ಅವನನ್ನು ಅತ್ತೆಯ ಎರಡು ಕೈಗಳ ಮೇಲೆ ಇಟ್ಟಳು. ಆ ಸಂಜೆ ಕುಕ್ಕರ್ ಕೂಗಿತು, ಉತ್ತಮ್ ಮೂರು ಸಲ ಬಡಿಸಿಕೊಂಡ, ನಮಗೂ ಮೊಸರನ್ನ ಸಿಕ್ಕಿತು. ಅರವಿಂದ ಅಮ್ಮನ ಪಾತ್ರೆಗಳನ್ನು ಡಬ್ಬಕ್ಕೆ ತುಂಬತೊಡಗಿದ.

ನಾವು ಚಪ್ಪಲಿ ಮೆಟ್ಟುವಾಗ ಅತ್ತೆ ಸೊಸೆ ಇಬ್ಬರೂ ಬಾಗಿಲಿಗೆ ಬಂದರು.

"ಅತ್ತೆ," ಎಂದಳು ನಮಿತಾ, "ಒಂದು ಸ್ಪೇರ್ ಕೀ ನನ್ನ ಹತ್ರ ಇರ್ಲಾ? ಹುಷಾರಿಲ್ದಾಗ, ಏನಾದ್ರೂ ಆದಾಗ..."

ಗಂಗಮ್ಮ ಸೊಸೆಯ ಒದ್ದೆ ಕೂದಲನ್ನು ಕಿವಿಯ ಹಿಂದೆ ಸರಿಸಿದರು.

"ಬೇಡ. ಬಾಗಿಲು ತಟ್ಟು, ತೆಗೀತೀನಿ."